ಗೆಣ್ಣಿನ ಗಾಯ

ನನ್ನ ಗಂಡ ಜವರಪ್ಪ ಬಂಡೂರು ಕುರಿಯ ವ್ಯಾಪಾರಿ. ಬಾಯಿ ಬಿಡಿಸಿ ಹಲ್ಲು ನೋಡದೆ ಒಂದು ಕುರಿಯನ್ನೂ ಕೊಂಡವನಲ್ಲ. ನನ್ನ ಹಲ್ಲಿಗೆ ಪಾಚಿ ಕಟ್ಟಿ ಒಸಡಿನಲ್ಲಿ ರಕ್ತ ಬರುತ್ತಿತ್ತು. ಮಳವಳ್ಳಿಗೆ ಹೋಗಿ ಕ್ಲೀನ್ ಮಾಡಿಸಿಕೊಂಡು ಬರುತ್ತೇನೆ ಎಂದೆ.

"ಪಾಚಿ ಕೆರುಸುದ್ರೆ ಹಲ್ಲೆಲ್ಲ ಉದ್ರೋಯ್ತವೆ. ಸುಮ್ಕಿರು," ಎಂದ.

ನಾನು ಸುಮ್ಮನಿರಲಿಲ್ಲ. ಮುಷ್ಟಿ ಕಟ್ಟಿ ಬಾಯಿಗೇ ಗುದ್ದಿದ. ನನ್ನ ತುಟಿ ಹರಿಯಿತು. ಹಲ್ಲು ತಾಗಿ ಅವನ ಬೆರಳ ಗೆಣ್ಣೂ ಸೀಳಿತು. ಅರಿಶಿನ ಮೆತ್ತಿಕೊಂಡು ಸಂತೆಗೆ ಹೋದ.

ನಾಲ್ಕನೇ ದಿನ ಕೈ ಊದಿ ಕೀವು ತುಂಬಿತು. ಮಂಡ್ಯದ ಆಸ್ಪತ್ರೆಯಲ್ಲಿ ಬೆರಳು ಕತ್ತರಿಸಬೇಕೆಂದರು.

"ಏನು ಕಚ್ಚಿದ್ದು?" ಡಾಕ್ಟರು ಕೇಳಿದರು.

"ಕುರಿ," ಎಂದ.

ನಾನು ಬಾಯಿಗೆ ಹಿಡಿದಿದ್ದ ಸೆರಗು ತೆಗೆದೆ.

"ಕುರಿಯಲ್ಲ ಸಾರ್, ನನ್ ಹಲ್ಲು. ಕ್ಲೀನ್ ಮಾಡುಸ್ತೀನಿ ಅಂದೆ. ಇವ್ರೇ ಬ್ಯಾಡ ಅಂದ್ರು."