ಸೋಲಾರ್ ಬಂತು

ಮಸೀದಿ ಪಕ್ಕದ ಕೆಂಪು ಡ್ರಮ್ಮನ್ನು ರುರುಂಗ್ ಬೋರಲು ಹಿಡಿದು ಅಲುಗಾಡಿಸಿದ. ತಳದಿಂದ ಇಳಿದದ್ದು ಒಂದು ಲೋಟದಷ್ಟು ಡೀಸೆಲ್ಲು, ಅದರಲ್ಲೂ ಅರ್ಧ ತುಕ್ಕು. ಅದನ್ನೇ ಲುಂಗಿಯ ಅಂಚಿನಲ್ಲಿ ಸೋಸಿ ಕ್ಯಾನಿಗೆ ಹಾಕಿಕೊಂಡ. ಎದುರು ಮನೆಯಿಂದ ಅವನ ಮಗಳು ಬುಂಗಾ ನರಳುವುದು ಕೇಳಿಸುತ್ತಿತ್ತು. ನಿನ್ನೆ ಸಂಜೆ ಶುರುವಾದ ಹೆರಿಗೆ ನೋವು. ಬೆಳಗಾಗಿ ಬಿಸಿಲು ಬಂದರೂ ಮಗು ಇದ್ದಲ್ಲಿಂದ ಕದಲಿರಲಿಲ್ಲ.

ಸೂಲಗಿತ್ತಿ ಹಸ್ನಿದಾರ್ ಮೆಟ್ಟಿಲಿಳಿದು ಬಂದಳು. ಸರ್ಕಾರ ಕಳಿಸಿದ ನರ್ಸು ಅವಳು, ನಾಲ್ಕು ವರ್ಷದಿಂದ ನಮ್ಮ ದ್ವೀಪದಲ್ಲೇ ಇದ್ದಾಳೆ.

"ಮಗು ಅಡ್ಡ ಮಲಗಿದೆ ರುರುಂಗಣ್ಣ. ಕೊಯ್ದೇ ತೆಗೀಬೇಕು, ಅದು ನನ್ನ ಕೈಲಾಗೋ ಕೆಲಸ ಅಲ್ಲ. ಸಂಜೆಯೊಳಗೆ ಬೆಂತೆಂಗ್ ಆಸ್ಪತ್ರೆ ಮುಟ್ಟಿಸಬೇಕು."

"ಏಳು ಗಂಟೆ ದಾರಿ ತಾಯಿ. ಮೂವತ್ತು ಲೀಟರ್ ಬೇಕು."

"ನಿಮ್ಮ ಹತ್ರ ಎಷ್ಟಿದೆ?"

ಅವನು ಕ್ಯಾನನ್ನು ಎತ್ತಿ ತೋರಿಸಿದ. ಅವಳು ಒಳಗೆ ಹೋದಳು.

ಆ ಕೆಂಪು ಡ್ರಮ್ಮಿಗೆ ನಮ್ಮಲ್ಲಿ ಜೀವದ ಡ್ರಮ್ಮು ಎಂದು ಹೆಸರು. ಕಾಯಿಲೆಯವರನ್ನು, ಬಸುರಿಯರನ್ನು ಸಾಗಿಸಲಿಕ್ಕೆ ಮೀಸಲು. ಊಟಕ್ಕಿಲ್ಲದಿದ್ದರೂ ಅದನ್ನು ಯಾರೂ ಮುಟ್ಟುವುದಿಲ್ಲ. ಅದರ ಬೀಗದ ಕೈ ಇರುವುದು ಊರಿನ ಜನರೇಟರ್ ನೋಡಿಕೊಳ್ಳುವ ರುರುಂಗನ ಸೊಂಟದಲ್ಲಿ. ಹೋದ ಶನಿವಾರ ಆ ಬೀಗ ತೆಗೆದವನೂ ಅವನೇ.

ಎಲ್ಲಾ ಒಂದು ಮಾತಿನಿಂದ ಆದದ್ದು. ನಮ್ಮ ಕಡೆ ಡೀಸೆಲ್ಲಿಗೆ ಸೋಲಾರ್ ಎನ್ನುತ್ತಾರೆ. ಬಂಕಿನ ಬೋರ್ಡಿನಲ್ಲೂ ಹಾಗೇ, ಮಕ್ಕಳ ಬಾಯಲ್ಲೂ ಹಾಗೇ. ಸೂರ್ಯನ ಕರೆಂಟಿಗೆ ಇರುವ ಹೆಸರೇ ಬೇರೆ. ಜಕಾರ್ತದ ಯಾವುದೋ ನೆರವಿನ ಸಂಸ್ಥೆಯಿಂದ ಫೋನ್ ಮಾಡಿದ ಪರದೇಶದ ಹೆಂಗಸಿಗೆ ಇದು ಗೊತ್ತಿರಲಿಲ್ಲ. ನಮ್ಮ ಭಾಷೆಯನ್ನು ಪುಸ್ತಕದಲ್ಲಿ ಕಲಿತವಳು, ಪಾಪ.

"ನಿಮ್ಮ ಊರಲ್ಲಿ ಸೋಲಾರ್ ಇದೆಯಾ?" ಎಂದು ಕೇಳಿದ್ದಳು.

"ಎಲ್ಲಿಂದ ಬರಬೇಕು ಮೇಡಂ, ತಳ ಕಂಡಿದೆ."

"ಎಷ್ಟು ಬೇಕು?"

"ಎಷ್ಟು ಕೊಟ್ಟರೂ ಬೇಕು."

"ಇಡೀ ಊರಿಗೆ ಸಾಕಾಗುವಷ್ಟು ಕಳಿಸುತ್ತೇವೆ. ಇನ್ನು ಮುಂದೆ ನೀವು ಯಾರನ್ನೂ ಕೇಳಬೇಕಾಗಿಲ್ಲ."

ಅಂಥ ಮಾತನ್ನು ರುರುಂಗ್ ಹುಟ್ಟಿದ ಮೇಲೆ ಕೇಳಿರಲಿಲ್ಲ. ಹಡಗು ಸೋಮವಾರ ಬರುತ್ತದೆ ಎಂದು ಶುಕ್ರವಾರ ಸುದ್ದಿ ಬಂತು. ಪಡುವಣ ಗಾಳಿ ಮೂರು ದಿನ ಬಿಡುವು ಕೊಟ್ಟಿತ್ತು, ದೂರದ ಹವಳದ ದಿಬ್ಬದಲ್ಲಿ ಮೀನು ಕೂಡಿತ್ತು. ಗಂಡಸರು ಬಂದು ಡ್ರಮ್ಮಿನ ಡೀಸೆಲ್ಲು ಕೊಡೆಂದು ಕೈ ಹಿಡಿದರು. ಅವರಲ್ಲಿ ಬುಂಗಾಳ ಗಂಡನೂ ಇದ್ದ. "ಸೋಮವಾರ ಹೆಂಗೂ ತುಂಬುತ್ತಲ್ಲ ಮಾವ," ಎಂದ. ತುಂಬುತ್ತದೆಂದು ರುರುಂಗನೂ ನಂಬಿದ. ನೂರಾ ಎಂಬತ್ತು ಲೀಟರ್ ದೋಣಿಗಳಿಗೆ ಹಂಚಿ ಹೋಯಿತು. ಅಳಿಯನೂ ಸೇರಿ ಹೋದವರು ಇನ್ನೂ ದಿಬ್ಬದಿಂದ ಮರಳಿಲ್ಲ.

ಸೋಮವಾರ ಬಂದದ್ದು ಮೂವತ್ತಾರು ಮರದ ಪೆಟ್ಟಿಗೆ. ಒಳಗೆ ಕಪ್ಪು ಗಾಜಿನ ಹಲಗೆಗಳು. ಬ್ಯಾಟರಿ, ತಂತಿ, ಜೋಡಿಸುವವರು ಮುಂದಿನ ಹಡಗಿಗಂತೆ. ಗಾಳಿ ಏಳುತ್ತಿದೆ ಎಂದು ಹಡಗಿನವನು ಇಳಿಸಿದ್ದೇ ತಡ ತಿರುಗಿ ಹೋದ. ಮರುದಿನ ಡೀಸೆಲ್ಲಿಲ್ಲದೆ ಫೋನಿನ ಟವರೂ ಸತ್ತಿತು.

ಇವತ್ತು ರುರುಂಗ್ ಕ್ಯಾನು ಹಿಡಿದು ಮನೆಮನೆ ಹತ್ತಿ ಇಳಿದ. ಶಾಲೆಯ ಜನರೇಟರಿನ ಪೈಪು ಬಿಚ್ಚಿ ಬಾಯಲ್ಲೇ ಎಳೆದ. ದಡದಲ್ಲಿದ್ದ ಹಾಳು ದೋಣಿಗಳ ಟ್ಯಾಂಕಿಗೆ ಬಟ್ಟೆ ಅದ್ದಿ ಹಿಂಡಿದ. ಎಲ್ಲಾ ಸೇರಿ ಏಳು ಲೀಟರ್ ಆಯಿತು. ಕಟ್ಟೆಯ ಮೇಲೆ ಪೆಟ್ಟಿಗೆಗಳ ಹತ್ತಿರ ಕುಸಿದು ಕೂತ. ತಾನೇ ಮಗಳನ್ನು ಕೊಂದೆ ಎನ್ನಿಸಿತು. ಒಂದು ಪೆಟ್ಟಿಗೆಗೆ ಒದ್ದ. ಕಾಲಿನ ಉಗುರು ಕಿತ್ತು ರಕ್ತ ಬಂತೇ ಹೊರತು ಪೆಟ್ಟಿಗೆಗೆ ಏನೂ ಆಗಲಿಲ್ಲ.

ಮುದುಕಿ ತೀಮಾಂಗ್ ಕೋಲೂರಿಕೊಂಡು ಬಂದಳು. ಎರಡು ದಿನದಿಂದ ಅವನು ಕಂಡಲ್ಲೆಲ್ಲ, "ಸೋಲಾರ್ ಬಂತಂತಲ್ಲೋ, ನಂಗೂ ಒಂದು ಬಾಟ್ಲಿ ಹಾಕು," ಎಂದು ಚುಚ್ಚುತ್ತಿದ್ದವಳು. ಇವತ್ತು ಚುಚ್ಚಲಿಲ್ಲ.

"ಎಷ್ಟು ಸಿಕ್ತೋ?"

"ಏಳು, ಚಿಕ್ಕಮ್ಮ."

"ಎಂಜಿನ್ ಬಿಸಿ ಆಗೋಕೆ ಅಷ್ಟು ಸಾಕು. ಆಮೇಲೆ ಕೊಬ್ರಿ ಎಣ್ಣೆ ಹುಯ್ಯಿ. ಯುದ್ಧದ ಕಾಲ್ದಲ್ಲಿ ಜಪಾನಿನೋರು ಇಲ್ಲಿದ್ದಾಗ ನಮ್ಮಪ್ಪ ಅದ್ರಲ್ಲೇ ಮಿಷಿನ್ ಓಡಿಸ್ತಿದ್ನಂತೆ. ಹೊಗೆ ಕಾರುತ್ತೆ, ಕೆಮ್ಮುತ್ತೆ, ಆದ್ರೆ ಓಡುತ್ತೆ."

"ನನ್ನ ಎಂಜಿನ್ ಕೆಟ್ಟು ನಡು ನೀರಲ್ಲಿ ನಿಂತ್ರೆ?"

"ಇಲ್ಲಿ ಕೂತ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕೇನೋ?"

ಗಾಳಿಗಾಲಕ್ಕೆಂದು ಮನೆಯಲ್ಲಿ ಕಾಯಿಸಿ ಇಟ್ಟ ಎಣ್ಣೆಯದು. ಮೀನು ಕರಿಯಲಿಕ್ಕೆ, ತಲೆಗೆ, ದೀಪಕ್ಕೆ, ಎಲ್ಲಕ್ಕೂ ಅದೇ. ಆದರೂ ಹೆಂಗಸರು ತಂದರು. ಬಾಟಲಿ, ಚೊಂಬು, ಬಾಣಲೆಯಲ್ಲಿ ಉಳಿದದ್ದು. ಒಬ್ಬಳು, "ಇದ್ರಲ್ಲಿ ನಿನ್ನೆ ಮೀನು ಕರ್ದಿದ್ದೆ, ಪರವಾಗಿಲ್ವಾ?" ಎಂದಳು. "ಎಂಜಿನ್ನಿಗೇನು ರುಚಿ ಗೊತ್ತಾಗುತ್ತಾ, ಸುರಿಯೇ," ಎಂದಳು ತೀಮಾಂಗ್. ಎಣ್ಣೆ ಹದಿನೆಂಟು ಲೀಟರ್ ಆಯಿತು. ಡೀಸೆಲ್ಲೂ ಸೇರಿ ಇನ್ನೂ ಐದು ಕಡಿಮೆ. ಕಾಯಲು ಹೊತ್ತಿರಲಿಲ್ಲ. ಬುಂಗಾಳನ್ನು ಚಾಪೆ ಸಮೇತ ಎತ್ತಿ ರುರುಂಗನ ದೋಣಿಯಲ್ಲಿ ಮಲಗಿಸಿದರು.

ಮೊದಲ ಎರಡು ಗಂಟೆ ಚೆನ್ನಾಗಿಯೇ ಹೋಯಿತು. ಆಮೇಲೆ ಎದುರುಗಾಳಿ ಎದ್ದಿತು. ಡೀಸೆಲ್ಲು ಮುಗಿದು ಬರೀ ಎಣ್ಣೆಯಾದಾಗ ಎಂಜಿನ್ ಎರಡು ಸಲ ಕೆಮ್ಮಿತು, ಮತ್ತೆ ಓಡಿತು. ಬಿಳಿ ಹೊಗೆ ದೋಣಿಯನ್ನೆಲ್ಲ ತುಂಬಿತು.

"ಯಾರೋ ಬಾಳೆಹಣ್ಣು ಕರೀತಿದಾರೆ," ಎಂದಳು ಬುಂಗಾ ಕಣ್ಣು ಮುಚ್ಚಿಕೊಂಡೇ.

"ಹೌದು ಮಗಾ. ಊರು ಹತ್ರ ಬಂತು," ಎಂದ. ಸುತ್ತ ನೀರಲ್ಲದೆ ಏನೂ ಇರಲಿಲ್ಲ.

ಹಸ್ನಿದಾರ್ ಆಗಾಗ ಮರದ ಕೊಳವೆಯನ್ನು ಬುಂಗಾಳ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತಕ್ಕೆ ಕಿವಿ ಕೊಡುತ್ತಿದ್ದಳು. ಬೆಳಿಗ್ಗೆಯೆಲ್ಲ ಕೇಳಿ ಕೇಳಿ ಸರಿಯಿದೆಯೆಂದು ತಲೆಯಾಡಿಸುತ್ತಿದ್ದಳು. ಮಧ್ಯಾಹ್ನ ಒಮ್ಮೆ ಬಹಳ ಹೊತ್ತು ಕೇಳಿದಳು. ಜಾಗ ಬದಲಿಸಿ ಬದಲಿಸಿ ಕೇಳಿದಳು. "ಈ ಎಂಜಿನ್ ಸದ್ದಲ್ಲಿ ಏನೂ ಗೊತ್ತಾಗಲ್ಲ," ಎಂದು ಕೊಳವೆಯನ್ನು ಚೀಲದೊಳಗೆ ಇಟ್ಟುಬಿಟ್ಟಳು. ಬೆಳಿಗ್ಗೆಯೂ ಎಂಜಿನ್ ಇಷ್ಟೇ ಸದ್ದು ಮಾಡುತ್ತಿತ್ತು. ಅದು ರುರುಂಗನಿಗೆ ಗೊತ್ತಿತ್ತು. ಏನಾಯಿತೆಂದು ವಿಚಾರಿಸುವ ಧೈರ್ಯ ಅವನಿಗಿರಲಿಲ್ಲ.

ಬೆಂತೆಂಗ್ ಕಡೆಯ ಬೆಟ್ಟ ಕಾಣಿಸುವ ಹೊತ್ತಿಗೆ ಕೊನೆಯ ಕ್ಯಾನು ಬರಿದಾಯಿತು. ಎಂಜಿನ್ನಿನ ಸದ್ದು ಏರಿಳಿಯತೊಡಗಿತು. ಹಸ್ನಿದಾರ್ ಏನಾದರೂ ಸಿಗುತ್ತದೆಯೇ ಎಂದು ಬುಂಗಾಳ ಬಟ್ಟೆಗಂಟು ಬಿಚ್ಚಿ ಕೆದಕಿದಳು. ಹಳೆ ಲುಂಗಿಯ ಹಾಗೆ ಮೆತ್ತಗಾದ ಬಟ್ಟೆ ತುಂಡುಗಳು, ಒಂದು ಟೋಪಿ, ಅವುಗಳ ನಡುವೆ ಒಂದು ಬಾಟಲಿ. ಅರಿಸಿನ ಹಾಕಿ ಕಾಯಿಸಿದ ಎಣ್ಣೆ. ಹುಟ್ಟಿದ ಮಗುವಿನ ಮೈಗೆ ತಿಕ್ಕಲು ಎಂಟನೇ ತಿಂಗಳಲ್ಲಿ ಬುಂಗಾ ತಾನೇ ಒಲೆ ಮುಂದೆ ಕೂತು ಮಾಡಿಕೊಂಡದ್ದು.

"ಇದನ್ನೂ ಹಾಕಿ," ಎಂದಳು ಹಸ್ನಿದಾರ್, ಯಾರ ಮುಖವನ್ನೂ ನೋಡದೆ.

ರುರುಂಗ್ ಬಾಟಲಿ ತೆಗೆದುಕೊಂಡ. ಮುಚ್ಚಳ ತೆಗೆಯಲು ಕೈ ಬರಲಿಲ್ಲ. ಬುಂಗಾ ಕಣ್ಣು ಬಿಟ್ಟಿದ್ದಳು.

"ಹಾಕಪ್ಪಾ. ಪೂರ್ತಿ ಹಾಕ್ಬೇಡ," ಎಂದಳು. "ಮೊದಲ್ನೇ ಸ್ನಾನಕ್ಕೆ ಒಂದು ಬೆರಳಷ್ಟು ಇರಲಿ."

ಹಸ್ನಿದಾರ್ ನೀರಿನ ಕಡೆ ತಿರುಗಿ ಕೂತಳು.

ರುರುಂಗ್ ಬಾಟಲಿಯನ್ನು ಟ್ಯಾಂಕಿಗೆ ಬಗ್ಗಿಸಿದ. ಹಳದಿ ಎಣ್ಣೆ ಸಣ್ಣಗೆ ಇಳಿಯಿತು, ಸದ್ದು ಮತ್ತೆ ಒಂದೇ ಸಮನಾಯಿತು. ಅವನು ನಿಲ್ಲಿಸಿದ. ಬಾಟಲಿಯನ್ನು ಬಿಸಿಲಿಗೆ ಹಿಡಿದು, ತೋರುಬೆರಳನ್ನು ಪಕ್ಕಕ್ಕಿಟ್ಟು ಅಳತೆ ನೋಡಿದ. ಮುಚ್ಚಳ ಬಿಗಿದು ಮಗಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದ.