ನೀರು ಬಿಡುವವರ ಹೆಸರು ಕೇಳಿದಾಕೆ

ನಿರುಪಮಾ ಅವರು ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ. ಸೆಂಗ್‌ಕಾಂಗ್ ಬಡಾವಣೆಯ ನಮ್ಮ ಬ್ಲಾಕಿನಿಂದ ಎಂಆರ್‌ಟಿ ರೈಲು ಸ್ಟೇಷನ್ನಿಗೆ ಹುಲ್ಲುಹಾಸು ದಾಟಿದರೆ ಮೂರೇ ನಿಮಿಷ. ಅವರು ಮಾತ್ರ ಸಿಮೆಂಟಿನ ಹಾದಿಯ ನಟ್ಟನಡುವೆ, ಹೆಜ್ಜೆ ಎಣಿಸುವವರಂತೆ, ಸುತ್ತಿ ಬಳಸಿ ಹತ್ತು ನಿಮಿಷ ನಡೆಯುತ್ತಿದ್ದರು. "ಆಂಟಿ, ಗ್ರಾಸ್ ಡ್ರೈ ಇದೆ ಲಾ!" ಎಂದು ನನ್ನ ಮಗಳು ಗಾರ್ಗಿ ಛೇಡಿಸಿದರೆ, "ನೀನು ಹೋಗು ಪುಟ್ಟಿ, ನನ್ನ ಕಾಲು ಒಪ್ಪಲ್ಲ" ಎನ್ನುತ್ತಿದ್ದರು. ನೆಲಬಾಂಬುಗಳು ಹುದುಗಿದ್ದ ದೇಶವೊಂದರಲ್ಲಿ ಆರು ವರ್ಷ ನೀರು ಸರಬರಾಜಿನ ಎಂಜಿನಿಯರ್ ಆಗಿದ್ದವರ ಕಾಲುಗಳವು.

ಮೈಸೂರಿನ ಕಡೆಯ ಐವತ್ತೆಂಟರ ಈ ಹೆಂಗಸಿಗೆ ಎಸಿ ಕೋಣೆಗೆಂದೇ ಬೂದು ಬಣ್ಣದ ಕೋಟೊಂದಿತ್ತು, ಗಂಡಸರ ಅಳತೆಯದು, ತೋಳು ಮಡಚಿದ್ದು. ನಾವಿಬ್ಬರೂ ದುಡಿಯುತ್ತಿದ್ದ ಸಂಶೋಧನಾ ಸಂಸ್ಥೆಗೆ ಬಲಾಢ್ಯ ದೇಶಗಳ ತಜ್ಞರು ಬಂದು, ಕುಸಿದ ರಾಷ್ಟ್ರಗಳ ಭಯೋತ್ಪಾದಕರನ್ನು ಆಕಾಶದಿಂದಲೇ ನಿರ್ಮೂಲ ಮಾಡುವ ಬಗೆಯನ್ನು ಭೂಪಟ ಸಮೇತ ವಿವರಿಸಿ ಮುಗಿಸಿದೊಡನೆ, ಹಿಂದಿನ ಸಾಲಿನಲ್ಲಿ ಆ ಕೋಟು ಎದ್ದು ನಿಲ್ಲುತ್ತಿತ್ತು. ಆಮೇಲೇನು ಎಂಬುದೊಂದೇ ಪ್ರಶ್ನೆ. ಪಂಡಿತರು ತಮ್ಮ ಭೂಪಟ ಸುತ್ತತೊಡಗುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಆ ಪ್ರಶ್ನೆಯ ಹಿಂದೆ ಯೂಸುಫ್ ಇದ್ದ, ನೆಲಬಾಂಬುಗಳ ಆ ದೇಶದಲ್ಲಿ ಅವರ ಪಂಪ್‌ಹೌಸ್ ನಡೆಸುತ್ತಿದ್ದಾತ. ಸರ್ಕಾರದ ನೀರು ಬಿಡುತ್ತಾನೆಂದು ಉಗ್ರರು ಅವನನ್ನು ಗುಂಡಿಟ್ಟು ಕೊಂದರು. ಉಗ್ರರನ್ನು ಬೇಟೆಯಾಡಲು ಬಂದ ವಿಮಾನ ಪಂಪ್‌ಹೌಸನ್ನೇ ಕೆಡವಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಉಗ್ರರು ಟ್ಯಾಂಕರ್ ತಂದು ನೀರು ಹಂಚಿದರು. ಬಾಯಾರಿದ ಊರು ಅವರ ಹಿಂದೆ ಹೋಯಿತು.

ಕಳೆದ ವರ್ಷ ಆ ದೇಶದ ಕುರಿತು ನಾವು ನಾಲ್ವರು ಬರೆದ ವರದಿಗೆ ಅವರು ಒಂದು ವಾಕ್ಯ ಸೇರಿಸಿದರು: ಬಾಂಬು ಹಾಕುವ ದೇಶ, ಹಾಕುವ ಮುನ್ನವೇ, ಮರುದಿನ ಆ ಊರಿಗೆ ನೀರು ಬಿಡುವವರು ಯಾರೆಂದು ಹೆಸರು ಹಿಡಿದು ಹೇಳಬೇಕು. ವರದಿ ಬರೆಸಿದ ಬಲಾಢ್ಯ ದೇಶಕ್ಕೆ ಇದು ರುಚಿಸಲಿಲ್ಲ. ನಿರ್ದೇಶಕ ವೆಂಕಟೇಶಮೂರ್ತಿಯವರು ನಮ್ಮನ್ನು ಕೂರಿಸಿಕೊಂಡರು.

"ಒಂದು ಸೆಂಟೆನ್ಸ್ ತಾನೇ ನಿರುಪಮಾ, ಡಿಲೀಟ್ ಮಾಡ್ಬಿಡಿ. ಮಾರ್ಚ್‌ನಲ್ಲಿ ನಿಮ್ಮ ಕಾಂಟ್ರಾಕ್ಟ್ ರಿನ್ಯೂ ಆಗ್ಬೇಕು. ಅದಿಲ್ದೆ ಈ ದೇಶದಲ್ಲಿ ಇರೋಕೆ ವರ್ಕ್ ಪಾಸ್ ಇಲ್ಲ."

"ಗೊತ್ತು ಸರ್. ಬಾಂಬ್ ಇಡೋರನ್ನ ಬಿಟ್ಬಿಡಿ ಅಂತ ನಾನು ಹೇಳ್ತಿಲ್ಲ. ಹಿಡೀರಿ, ಶಿಕ್ಷೆ ಕೊಡಿ. ಆದ್ರೆ ವಿಮಾನ ಕಳ್ಸಿದೋರು ಯೂಸುಫ್‌ನ ಕೊಂದೋರಿಗೇ ಅವನ ಊರನ್ನ ಗಿಫ್ಟ್ ಮಾಡಿ ಬಂದ್ರಲ್ಲ, ಅದಕ್ಕೆ ನಾನು ಸೈನ್ ಹಾಕಲ್ಲ."

ಮೊದಲ ಪುಟದಲ್ಲಿದ್ದ ತಮ್ಮ ಹೆಸರನ್ನು ಅಡ್ಡಗೆರೆ ಎಳೆದು ತಾವೇ ಹೊಡೆದುಹಾಕಿ, ನಮ್ಮ ಮೂವರ ಮುಖವನ್ನೂ ಒಮ್ಮೆ ನೋಡಿ ಹೊರನಡೆದರು. ನಾನು ಮೇಜು ನೋಡುತ್ತಿದ್ದೆ. ಮಾರ್ಚ್‌ನಲ್ಲಿ ಪಾಸ್ ಮುಗಿಯಿತು. ಈಗ ಅವರು ಆ ದೇಶದ ಗಡಿಯ ನಿರಾಶ್ರಿತರ ಶಿಬಿರವೊಂದರಲ್ಲಿ ನೀರಿನ ಕೊಳವೆ ಜೋಡಿಸುತ್ತಿದ್ದಾರೆ.

ಬಲಾಢ್ಯರ ಬಳಿ ವಿಮಾನಗಳಿಗೆ ಬರವಿಲ್ಲ. ಹೇಳಿದ್ದಕ್ಕೆಲ್ಲ ಗೋಣಾಡಿಸುವ ಪಂಡಿತರಿಗಂತೂ ಇಲ್ಲವೇ ಇಲ್ಲ. ನಿರುಪಮಾ ಅವರಂಥ ಹಟಮಾರಿಗಳನ್ನು ಸಭೆಗಳು ಸಹಿಸುವುದಿಲ್ಲ, ಗುತ್ತಿಗೆಗಳು ಉಳಿಸಿಕೊಳ್ಳುವುದಿಲ್ಲ. ಆದರೂ ಕುಸಿದ ನಾಡೊಂದು ಎಂದಾದರೂ ಮತ್ತೆ ಎದ್ದು ನಿಂತರೆ, ಅದು ಜಗ್ಗದ ಇಂಥವರಿಂದ ಮಾತ್ರ. ಆ ವಾಕ್ಯವಿಲ್ಲದೆಯೇ ಹೊರಬಂದ ವರದಿಯಲ್ಲಿ ಮೂರು ಹೆಸರುಗಳಿವೆ. ಎರಡನೆಯದು ನನ್ನದು.