ಕೆ.ಆರ್.ಪೇಟೆ ಲೈನಿನ ಡ್ರೈವರು

ಉಮಳ ಕೆಲಸ ಏನು ಅಂತ ಪಾಂಡವಪುರದ ಅವಳ ಬೀದಿಯಲ್ಲಿ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಶ್ರೀರಂಗಪಟ್ಟಣದ ಯಾವುದೋ ಗಾಡಿ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ ಅನ್ನುವಷ್ಟು ಗೊತ್ತಿತ್ತು. ಅವಳ ತಮ್ಮ ತಿಮ್ಮೇಶ ಅದೇ ಕಂಪನಿಯ ಡ್ರೈವರು. ಕೇಳಿದವರಿಗೆಲ್ಲ ಅವನೇ ಬಿಡಿಸಿ ಹೇಳುತ್ತಿದ್ದ. "ನಾವು ರೋಡ್ ಮೇಲೆ ಗಾಡಿ ಓಡುಸ್ತೀವಿ. ನಮ್ಮಕ್ಕ ಕುರ್ಚಿ ಮೇಲೆ ಕುಂತ್ಕಂಡು ನಮ್ಮನ್ನ ಓಡುಸ್ತಾಳೆ ಕಣ್ಲಾ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಗಾಡಿಗಳು ಓಡುತ್ತಿದ್ದದ್ದು ಡಯಾಲಿಸಿಸ್ ರೋಗಿಗಳಿಗಾಗಿ. ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರದ ಸುತ್ತಿನ ಹಳ್ಳಿಗಳಿಂದ ಅವರನ್ನು ಬೆಳಗಿನ ಜಾವಕ್ಕೇ ಹತ್ತಿಸಿಕೊಂಡು ಶ್ರೀರಂಗಪಟ್ಟಣದ ಕೇಂದ್ರಕ್ಕೆ ತರಬೇಕು, ಮುಗಿದ ಮೇಲೆ ಮತ್ತೆ ಮನೆ ಮುಟ್ಟಿಸಬೇಕು. ಯಾರ ಸರದಿ ಯಾವತ್ತು ಅನ್ನುವುದು ಕೇಂದ್ರದ ಕ್ಯಾಲೆಂಡರಿನಲ್ಲಿ ಇರುತ್ತಿತ್ತು. ಯಾವ ಲೈನಿಗೆ ಯಾವ ಡ್ರೈವರು ಅನ್ನುವುದು ಆಫೀಸಿನ ಕಂಪ್ಯೂಟರಿನಲ್ಲಿ. ಡ್ರೈವರುಗಳು ನೋಡುವುದು ತಮ್ಮ ತಮ್ಮ ಫೋನಿನಲ್ಲಿ. ಮೂರು ಕಡೆ ಮೂರು ಥರದ ಸಾಫ್ಟ್‌ವೇರು. ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಅಲ್ಲಿ ಬದಲಾದದ್ದು ಇಲ್ಲಿಗೂ, ಇಲ್ಲಿ ಬದಲಾದದ್ದು ಅಲ್ಲಿಗೂ ಮುಟ್ಟುವಂತೆ ಹೊಂದಿಸಿಡುವುದೇ ಉಮಳ ಕೆಲಸ. ಆ ಹೊಂದಿಕೆಗೆ ಒಂದೇ ನಿಯಮ. ಒಂದು ವಿಷಯಕ್ಕೆ ಎರಡು ಮಾತು ಬಂದರೆ ಕೊನೆಗೆ ತಿದ್ದಿದ್ದೇ ಸರಿ, ಮೊದಲಿನದು ಅಳಿಸಿಹೋಗುತ್ತದೆ.

ಗಂಡನ ಮನೆ ಒಗ್ಗದೆ ವಾಪಸು ಬಂದು ಮೂಲೆಯಲ್ಲಿ ಕೂತಿದ್ದ ಅಕ್ಕನನ್ನು ಈ ಕೆಲಸಕ್ಕೆ ಸೇರಿಸಿದವನು ತಿಮ್ಮೇಶನೇ. ಕಂಪನಿ ನಡೆಸುವ ರಘುನಂದನ್ ಅವರ ಮುಂದೆ ಹೋಗಿ ನಿಂತು, "ನಮ್ಮಕ್ಕಂಗೆ ಕಂಪ್ಯೂಟ್ರು ಅಂದ್ರೆ ನೀರು ಕುಡ್ದಂಗೆ ಸಾರ್," ಎಂದು ಬುರುಡೆ ಬಿಟ್ಟು ಬಂದಿದ್ದ. ಆಮೇಲೆ ಅವಳು ಆ ಬುರುಡೆಯನ್ನು ನಿಜ ಮಾಡಿದಳು, ಅದು ಬೇರೆ ಮಾತು. ಅಕ್ಕ ತಮ್ಮ ಇಬ್ಬರೂ ಅವ್ವ ಬೆಟ್ಟಮ್ಮನ ಜೊತೆ ಒಂದೇ ಮನೆಯಲ್ಲಿದ್ದರು. ಬೆಳಗಾಗುವ ಮೊದಲೇ ತಿಮ್ಮೇಶನ ಫೋನು ಬಡಿದುಕೊಳ್ಳಲು ಶುರುವಾಗುತ್ತಿತ್ತು. ದೂರದ ಹಳ್ಳಿಯ ಮುದುಕರು ರಸ್ತೆಗೆ ಬರುವ ಮೊದಲು ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಅವನು ಬಚ್ಚಲಲ್ಲಿದ್ದರೆ ಬೆಟ್ಟಮ್ಮನೇ ಎತ್ತುವಳು. "ಹೊಂಟವ್ನೆ ಕಣವ್ವ, ಬತ್ತಾ ಅವ್ನೆ," ಎಂದು ಇಡುವಳು. ಅವನು ಇನ್ನೂ ಮೈಗೆ ಸೋಪು ಹಚ್ಚುತ್ತಿರುತ್ತಿದ್ದ. "ಎಷ್ಟು ಸುಳ್ಳೇಳ್ತೀಯವ್ವ ನೀನು," ಅಂತ ಒಳಗಿಂದಲೇ ನಗುತ್ತಿದ್ದ.

ಆ ಸೋಮವಾರ ಅವನು ನಿಜಕ್ಕೂ ಹೊರಟಿದ್ದ. ಗೋವಿಂದನಹಳ್ಳಿಯ ಚಿಕ್ಕಬೋರಮ್ಮನನ್ನು ಕರೆತರಲು ಕೆ.ಆರ್.ಪೇಟೆ ಕಡೆ ಹೋಗುತ್ತಿದ್ದವನು ದಾರಿಯಲ್ಲಿ ಗಾಡಿಯನ್ನು ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗಿನ ಮೇಲೆ ತಲೆ ಇಟ್ಟಿದ್ದ. ಹಾಲಿನ ಕ್ಯಾನು ಹೊತ್ತು ಬಂದವರು ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡರು. ಹೃದಯ ನಿಂತುಹೋಗಿತ್ತು. ಆ ವಯಸ್ಸಿಗೆ ಯಾರಾದರೂ ಹೋಗುತ್ತಾರೆಯೇ ಅಂತ ಊರೆಲ್ಲ ಬಾಯಿ ಬಡಿದುಕೊಂಡಿತು. ಬೆಟ್ಟಮ್ಮ ಮಾತ್ರ ಅಳಲಿಲ್ಲ. ಮಗನನ್ನು ಮಣ್ಣು ಮಾಡಿ ಬಂದವರ ಮುಂದೆ ಒಂದೇ ಮಾತು ಹೇಳಿದಳು. "ತಿಥಿ ಆಗೋಗಂಟ ಅವ್ನ ಒಂದು ಕಡ್ಡಿನೂ ಮನೆಯಿಂದಾಚೆ ಆಕ್ಬೇಡಿ. ಅವ್ನು ಇಲ್ಲೇ ಅವ್ನೆ."

ಅವನ ಫೋನನ್ನು ಚಾರ್ಜಿಗೆ ಹಾಕಿ ಅವನ ಫೋಟೋದ ಮುಂದೆ ದೀಪದ ಪಕ್ಕ ಇಟ್ಟಳು. ಯಾರೂ ಬೇಡ ಅನ್ನಲಿಲ್ಲ.

ಬುಧವಾರ, ಮೂರನೇ ದಿನದ ಹಾಲುತುಪ್ಪವನ್ನು ಸಮಾಧಿಗೆ ಬಿಟ್ಟು ಬಂದಾಗ ಬಾಗಿಲಲ್ಲಿ ಕೃಷ್ಣ ನಿಂತಿದ್ದ. ಅವನೂ ಕಂಪನಿಯ ಡ್ರೈವರೇ, ತಿಮ್ಮೇಶನ ಗೆಳೆಯ. ಕೈಯಲ್ಲಿ ಆಫೀಸಿನ ಲ್ಯಾಪ್‌ಟಾಪು.

"ಉಮಕ್ಕ, ರಘುನಂದನ್ ಸಾರ್ ಕಳ್ಸವ್ರೆ. ಕೇಳಕ್ಕೆ ನಂಗೇ ನಾಚ್ಕೆ ಆಯ್ತದೆ. ನಾಳೆಯಿಂದ ಕೆ.ಆರ್.ಪೇಟೆ ಲೈನು ನಂದಂತೆ. ಅದನ್ನ ಎಲ್ಲಾ ಕಡೆ ಬದಲಾಯ್ಸೋದು ಆಫೀಸ್ನಲ್ಲಿ ಯಾರ್ಗೂ ತಿಳೀತಿಲ್ಲ."

"ಚಿಕ್ಕಬೋರಜ್ಜಿ ಸೋಮವಾರ ಏನ್ ಮಾಡುದ್ರು?" ಎಂದು ಕೇಳಿದಳು ಉಮ.

"ಅವತ್ತಿನ ಸರದಿ ತಪ್ಪೋಯ್ತಲ್ಲ. ನಾಳೆದೇನಾದ್ರೂ ತಪ್ಪುದ್ರೆ ಕಷ್ಟ ಅಂದ್ರಂತೆ ಸೆಂಟ್ರಿನವ್ರು. ತಿಮ್ಮೇಶನ್ ವಿಷ್ಯ ಇನ್ನೂ ಯಾವ ಪೇಶೆಂಟ್ಗೂ ಏಳಿಲ್ಲ ಅಕ್ಕ. ಉಸಾರಿಲ್ಲ ಅಂತ ಏಳಿ ಅಂದವ್ರೆ ಸಾರು. ಎದೆ ಒಡ್ಕಂಡಾರು ಅಂತ."

ರಘುನಂದನ್ ಒಳ್ಳೆಯವರೇ. ಕೇಡು ಬಗೆದು ಅವರು ಹಾಗೆ ಹೇಳಲಿಲ್ಲ, ಅದೇ ಇದರಲ್ಲಿನ ಸಂಕಟ.

ಉಮ ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪು ತೆರೆದಳು. ಕೆಲಸ ಸಣ್ಣದು. ಕೃಷ್ಣನ ಹೆಸರಿನ ಮುಂದೆ ಕೆ.ಆರ್.ಪೇಟೆ ಲೈನು ಅಂತ ಬರೆಯಬೇಕು, ತಿಮ್ಮೇಶನ ಹೆಸರು ತೆಗೆಯಬೇಕು. ಮೊದಲನೆಯದನ್ನು ಮಾಡಿದಳು. ಎರಡನೆಯದಕ್ಕೆ ಕೈ ಏಳಲಿಲ್ಲ. ಒಳಗೆ ಅವ್ವ ಅವನ ಹಳೆಯ ಚಪ್ಪಲಿಯನ್ನೂ ಜೋಡಿಸಿ ಇಟ್ಟಿದ್ದಾಳೆ, ತಾನು ಇಲ್ಲಿ ಕೂತು ಅವನ ಹೆಸರನ್ನೇ ಅಳಿಸುವುದೇ? ತಿಥಿ ಆಗಲಿ, ಆಮೇಲೆ ತೆಗೆದರಾಯಿತು. ಲೈನು ಹೇಗೂ ಕೃಷ್ಣನಿಗೆ ಹೋಗಿದೆ.

ಮುಚ್ಚುವ ಮೊದಲು ತಮ್ಮನ ಹೆಸರನ್ನು ಸುಮ್ಮನೆ ಒತ್ತಿ ನೋಡಿದಳು. ಅವನ ನಂಬರು, ಅವನ ಲೈನು, ಫೋಟೋ ಇರಬೇಕಾದ ಜಾಗದಲ್ಲಿ ಗಾಡಿಯ ಚಿತ್ರ. ತನ್ನ ಮುಖ ಚೆನ್ನಾಗಿ ಬರುವುದಿಲ್ಲ ಅಂತ ಗಾಡಿಯದ್ದೇ ಹಾಕಿಸಿದ್ದ ಮಳ್ಳ. ಉಮಳಿಗೆ ತಡೆಯಲಾಗಲಿಲ್ಲ. ತನ್ನ ಫೋನಿನಲ್ಲಿದ್ದ ಅವನ ಒಂದು ಫೋಟೋ ಹುಡುಕಿದಳು. ಕೆ.ಆರ್.ಎಸ್. ಕಟ್ಟೆಯ ಹತ್ತಿರ ಮೀನಿನ ಮುಳ್ಳು ಹಲ್ಲಿಗೆ ಸಿಕ್ಕಿಕೊಂಡು ಒಂದು ಕಣ್ಣು ಮುಚ್ಚಿ ನಗುತ್ತಿರುವ ಫೋಟೋ. ಅದನ್ನು ಗಾಡಿಯ ಜಾಗಕ್ಕೆ ಹಾಕಿ ಸೇವ್ ಒತ್ತಿದಳು. ಪರದೆಯ ಮೇಲೆ ತಮ್ಮ ನಕ್ಕ. ಮೂರು ದಿನದಿಂದ ಬಾರದಿದ್ದ ಅಳು ಆಗ ಬಂತು. ಲ್ಯಾಪ್‌ಟಾಪು ಮುಚ್ಚಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಗುರುವಾರ ಬೆಳಗಿನ ಜಾವ ತಿಮ್ಮೇಶನ ಫೋನು ಹೊಡೆದುಕೊಂಡದ್ದು ಅವಳಿಗೆ ಅರೆನಿದ್ದೆಯಲ್ಲಿ ಕೇಳಿಸಿತು. ಅವ್ವ ಎತ್ತಿದಳು, ಏನೋ ಒಂದೆರಡು ಮಾತಾಡಿ ಇಟ್ಟಳು. ಯಾರೋ ನೆಂಟರು ಇರಬೇಕು ಅಂದುಕೊಂಡು ಉಮ ಮಗ್ಗುಲು ಬದಲಿಸಿದಳು.

ಮಧ್ಯಾಹ್ನ ಡಯಾಲಿಸಿಸ್ ಕೇಂದ್ರದಿಂದ ಫೋನು ಬಂತು. ಇವತ್ತು ಕೆ.ಆರ್.ಪೇಟೆ ಲೈನಿನಿಂದ ಬರಬೇಕಿದ್ದವಳು ಚಿಕ್ಕಬೋರಮ್ಮ ಒಬ್ಬಳೇ, ಅವಳೂ ಬಂದಿಲ್ಲ, ಯಾಕೆ? ಉಮ ಕೃಷ್ಣನಿಗೆ ಫೋನು ಮಾಡಿದಳು.

"ನನ್ ಫೋನ್ನಲ್ಲಿ ಇವತ್ತು ಟ್ರಿಪ್ಪೇ ತೋರುಸ್ತಿಲ್ವಲ್ಲ ಉಮಕ್ಕ," ಎಂದ ಕೃಷ್ಣ. "ನಿನ್ನೆ ಸಂಜೆ ಬಂದಿತ್ತು, ಆಮೇಲೆ ಒಂಟೋಯ್ತು. ನೀವೇ ಬೇರೆಯವ್ರಿಗೆ ಬದಲಾಯ್ಸಿರ್ಬೇಕು ಅಂತ ಸುಮ್ನಿದ್ದೆ."

ಉಮ ದಡಕ್ಕನೆ ಎದ್ದಳು. "ಈಗ್ಲೇ ಗೋವಿಂದನಹಳ್ಳಿಗೆ ಓಗು ಕೃಷ್ಣ. ನಿಲ್ಬೇಡ," ಎಂದವಳೇ ಲ್ಯಾಪ್‌ಟಾಪು ತೆರೆದಳು. ಕೃಷ್ಣನಿಗೆ ಲೈನು ಕೊಟ್ಟಿದ್ದು ಮೊದಲು. ಅದಾದ ಮೇಲೆ ತಿಮ್ಮೇಶನ ಫೋಟೋ ಬದಲಾಗಿತ್ತು. ಅವನ ಹೆಸರಿನ ಮುಂದೆ ಕೆ.ಆರ್.ಪೇಟೆ ಲೈನು ಇನ್ನೂ ಹಾಗೇ ಇತ್ತು. ಫೋಟೋ ಒಂದನ್ನೇ ಬದಲಿಸಿ ಸೇವ್ ಒತ್ತಿದರೂ, ಲೈನೂ ಸೇರಿ ಅವನ ಹೆಸರಿನಲ್ಲಿದ್ದದ್ದೆಲ್ಲ ಹೊಸದಾಗಿ ತಿದ್ದಿದ ಲೆಕ್ಕ. ಒಂದು ಲೈನಿಗೆ ಇಬ್ಬರು ಡ್ರೈವರು. ಕೊನೆಗೆ ತಿದ್ದಿದ್ದೇ ಸರಿ ಅಂತ ಸಾಫ್ಟ್‌ವೇರು ಲೈನನ್ನು ಕೃಷ್ಣನಿಂದ ಕಿತ್ತು ತಿಮ್ಮೇಶನಿಗೆ ವಾಪಸು ಕೊಟ್ಟಿತ್ತು. ಅದನ್ನೇ ಮೂರೂ ಕಡೆಗೆ ಮುಟ್ಟಿಸಿತ್ತು. ಚಿಕ್ಕಬೋರಮ್ಮನ ಫೋನಿಗೂ ಎಂದಿನ ಹಾಗೆ ಮೆಸೇಜು ಹೋಗಿತ್ತು: ನಾಳೆ ನಿಮ್ಮ ಗಾಡಿ, ಡ್ರೈವರ್ ತಿಮ್ಮೇಶ. ಲ್ಯಾಪ್‌ಟಾಪಿನ ಪರದೆಯ ಕೆಳಗೆ ತಿದ್ದಿದವರ ಹೆಸರು. ಉಮ.

ಲೈನನ್ನು ಮತ್ತೆ ಕೃಷ್ಣನ ಹೆಸರಿಗೆ ತಿದ್ದಿಟ್ಟು ಉಮ ಒಳಗೆ ಹೋದಳು. ಬೆಟ್ಟಮ್ಮ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ಅವ್ವ, ಬೆಳಿಗ್ಗೆ ತಿಮ್ಮೇಶನ ಫೋನ್ಗೆ ಯಾರ್ ಮಾಡಿದ್ರು?"

ಬೆಟ್ಟಮ್ಮ ತಿರುಗಲಿಲ್ಲ. "ಗೋವಿಂದನಳ್ಳಿ ಅಜ್ಜಿ."

"ಏನಂದೆ?"

ಬತ್ತಿಯನ್ನು ಸುಮ್ಮನೆ ಮುಂದಕ್ಕೂ ಹಿಂದಕ್ಕೂ ಎಳೆಯುತ್ತ ನಿಂತಿದ್ದಳು ಬೆಟ್ಟಮ್ಮ. "ತಿಮ್ಮೇಶ ಹೊಂಟ್ನಾ ಅಂದ್ಲು. ವರ್ಸಗಟ್ಲೆ ಅದ್ನೇ ಕೇಳವ್ರೆ, ನಾನೂ ಅದ್ನೇ ಏಳಿವ್ನಿ. ಇಲ್ಲ ಅನ್ನಕೆ ಬಾಯಿ ಬರ್ನಿಲ್ಲ ಕಣವ್ವ. ಹೊಂಟವ್ನೆ ಅಂದ್ಬುಟ್ಟೆ. ಅಂಗಂದಾಗ ಒಂದ್ಗಳಿಗೆ ನಂಗೂ ಅವ್ನು ಬಚ್ಚಲಲ್ಲೇ ಅವ್ನೆ ಅನ್ನುಸ್ಬುಡ್ತು."

ಉಮ ಬೈಯಬೇಕು ಅಂತಲೇ ಬಂದಿದ್ದಳು. ಬೈಯುವ ಬದಲು ಎಣ್ಣೆಯ ಬಟ್ಟಲನ್ನು ತಾನೇ ತೆಗೆದು ಪಕ್ಕಕ್ಕಿಟ್ಟಳು. ತಾನು ಮಾಡಿದ್ದಾದರೂ ಏನು? ಅವ್ವ ಬಾಯಲ್ಲಿ ಹೇಳಿದ್ದನ್ನೇ ತಾನು ಸೇವ್ ಒತ್ತಿ ಹೇಳಿದ್ದಳು.

ಕೃಷ್ಣ ಹೋದಾಗ ಚಿಕ್ಕಬೋರಮ್ಮ ರಸ್ತೆ ಪಕ್ಕದ ಕಲ್ಲಿನ ಮೇಲೆ, ತನ್ನ ಚೀಲವನ್ನು ತಬ್ಬಿಕೊಂಡು ಒಂದು ಕಡೆಗೆ ವಾಲಿದ್ದಳು. ಸೊಸೆ ಡೈರಿಗೆ ಹಾಲು ಹಾಕಿ, ಹೊಲಕ್ಕೆ ಹೋಗಿ ಬರುವಾಗ ನೋಡಿ, ಬಸ್ಸಿಗೆ ಹತ್ತಿಸುತ್ತೇನೆ ಬಾ ಅಂದಿದ್ದಳಂತೆ. ಮುದುಕಿ ಏಳಲಿಲ್ಲವಂತೆ. ಮುಖ ಊದಿತ್ತು, ಉಸಿರು ಗೊರಗೊರ ಅನ್ನುತ್ತಿತ್ತು. ಕೃಷ್ಣ ಅತ್ತೆ ಸೊಸೆ ಇಬ್ಬರನ್ನೂ ಹತ್ತಿಸಿಕೊಂಡು ನೇರ ಮೈಸೂರಿನ ಆಸ್ಪತ್ರೆಗೆ ಹೋದ.

ಶುಕ್ರವಾರ ಉಮ ಹೋಗಿ ನೋಡಿದಳು. ಸೂತಕದಲ್ಲಿ ಎಲ್ಲಿಗೆ ಹೊರಟೆ ಅಂತ ಯಾರೋ ಕೇಳಿದ್ದಕ್ಕೆ ಉತ್ತರ ಕೊಡದೆ ಬಸ್ಸು ಹತ್ತಿದ್ದಳು. ಶ್ವಾಸಕೋಶದಲ್ಲಿ ನೀರು ತುಂಬಿದೆ, ಹೃದಯ ಸೋತಿದೆ ಅಂತ ಡಾಕ್ಟರು ಸೊಸೆಗೆ ಹೇಳಿದ್ದರು. ಚಿಕ್ಕಬೋರಮ್ಮ ಕಣ್ಣು ಬಿಟ್ಟು, ಮುಖದ ಮೇಲಿದ್ದ ಮಾಸ್ಕನ್ನು ಅರ್ಧ ಸರಿಸಿದಳು.

"ತಿಮ್ಮೇಶನ ಅಕ್ಕ ಅಲ್ವಾ ನೀನು? ಅವ್ನಂಗೇ ಇದ್ದೀಯ. ಗಾಡಿ ಕೆಟ್ಟೋಗಿತ್ತಾ ಮಗ? ಹೊಂಟವ್ನೆ ಅಂದ್ರು. ನಾನು ಎದ್ದೋಗ್ಬುಟ್ರೆ ಬಂದು ಅಲ್ಲೇ ಕಾಯ್ತಾನೆ ಅಂತ ಕುಂತಿದ್ದೆ. ಕಾಯೋ ಬುದ್ಧಿ ಅವ್ನ್ಗೆ."

ಸೊಸೆ ಕಣ್ಣಲ್ಲೇ ಬೇಡ ಅಂದಳು. ರಘುನಂದನ್ ಹೇಳಿಕಳಿಸಿದ್ದೂ ಅದನ್ನೇ. ಆದರೆ ಇನ್ನೊಂದು ಸುಳ್ಳನ್ನು ಆ ಮುದುಕಿಯ ತಲೆದಿಂಬಿನ ಹತ್ತಿರ ಇಟ್ಟು ಬರಲು ಉಮಳ ಕೈಲಾಗಲಿಲ್ಲ.

"ಅಜ್ಜಿ, ತಿಮ್ಮೇಶ ಇಲ್ಲ. ಸೋಮವಾರ ನಿಮ್ಮನ್ನ ಕರ್ಕಬರಕ್ಕೆ ಬತ್ತಾ ದಾರೀಲೇ ತೀರೋದ. ನಿಮ್ಗೆ ಮೆಸೇಜು ಬಂದಿದ್ದು ನನ್ನಿಂದ. ತಪ್ಪು ನಂದು."

ಚಿಕ್ಕಬೋರಮ್ಮ ಅರ್ಧ ಸರಿಸಿದ್ದ ಮಾಸ್ಕನ್ನು ಪೂರ್ತಿ ಕೆಳಗೆಳೆದಳು. ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯಿತು.

"ನನ್ ಕರ್ಕಬರಕ್ಕೆ ಹೊಂಟಿದ್ನಾ," ಎಂದಳು. ಆಮೇಲೆ ಸಿಟ್ಟೇನೂ ಇಲ್ಲದ ದನಿಯಲ್ಲಿ, "ಅವತ್ತೇ ಏಳ್ಬುಟ್ಟಿದ್ರೆ ನಾನು ಬಸ್ಸಿಗಾದ್ರೂ ಬತ್ತಿರ್ನಿಲ್ವಾ ಮಗ. ನಿಮ್ಮನೆಗೂ ಬಂದು ಅವ್ನ ಮೊಕ ನೋಡ್ತಿದ್ದೆ."

ಶನಿವಾರ ಬೆಳಿಗ್ಗೆ ಚಿಕ್ಕಬೋರಮ್ಮ ತೀರಿಕೊಂಡಳು.

ಸುದ್ದಿ ಹೇಳಿದಾಗ ಬೆಟ್ಟಮ್ಮ ಗೋಡೆಗೆ ಒರಗಿ ಕೂತಳು. ತನ್ನ ಮಗನಿಗೆ ಅಳದಿದ್ದವಳು ಯಾರದೋ ಅತ್ತೆಗಾಗಿ ಎದೆ ಬಡಿದುಕೊಂಡು ಅತ್ತಳು. ಅದರಲ್ಲಿ ಎಷ್ಟು ಪಾಲು ಯಾರಿಗೆ ಅಂತ ಬೇರೆ ಮಾಡುವುದು ಯಾರಿಂದ ಆಗುತ್ತದೆ? ಉಮ ಪಕ್ಕದಲ್ಲಿ ಕೂತಿದ್ದಳು. ಅವ್ವನ ಅಳು ತಗ್ಗಿದ ಮೇಲೆ ಲ್ಯಾಪ್‌ಟಾಪನ್ನು ಅವಳ ಮುಂದೆಯೇ ತೆರೆದಳು.

"ತೆಗೀತಾ ಇವ್ನಿ ಅವ್ವ. ತಿಥಿಗಂಟ ಕಾಯಕ್ಕಾಗಲ್ಲ."

ಬೆಟ್ಟಮ್ಮ ಪರದೆಯ ಮೇಲಿನ ಮಗನ ಮುಖವನ್ನು ಬೆರಳಿಂದ ಒಮ್ಮೆ ಮುಟ್ಟಿದಳು. ತಲೆಯಾಡಿಸಿದಳು. ಎಲ್ಲ ಕಡೆಯಿಂದಲೂ ಅಳಿಸಲೇ ಅಂತ ಸಾಫ್ಟ್‌ವೇರು ಕೇಳಿತು. ಉಮ ಹೌದು ಒತ್ತಿದಳು. ಆಫೀಸಿನಿಂದ, ಕೇಂದ್ರದಿಂದ, ಡ್ರೈವರುಗಳ ಫೋನಿನಿಂದ ತಿಮ್ಮೇಶ ಒಮ್ಮೆಗೇ ಹೋದ. ಕೆ.ಆರ್.ಪೇಟೆ ಲೈನು ಕೃಷ್ಣನೊಬ್ಬನದೇ ಆಯಿತು.

ಆಮೇಲೆ ಅವಳಿಗೆ ಹೊಳೆಯಿತು. ಸಿಂಧಘಟ್ಟದಲ್ಲಿ, ಗೋವಿಂದನಹಳ್ಳಿಯಲ್ಲಿ, ಇನ್ನೂ ಯಾವ ಯಾವ ಊರಿನಲ್ಲೋ ಜನರ ಸ್ವಂತ ಫೋನುಗಳಲ್ಲಿ ಅವನ ನಂಬರು ಇದೆ. ಗಾಡಿ ಅಂತಲೋ, ನಮ್ಮ ತಿಮ್ಮೇಶ ಅಂತಲೋ ಮೊಮ್ಮಕ್ಕಳಿಂದ ಬರೆಸಿಟ್ಟುಕೊಂಡದ್ದು. ಅಲ್ಲಿಗೆ ಅವಳ ಯಾವ ಸಾಫ್ಟ್‌ವೇರಿನ ಕೈಯೂ ಮುಟ್ಟುವುದಿಲ್ಲ. ಎಲ್ಲರಿಗೂ ಮೆಸೇಜು ಕಳಿಸಬಹುದು. ಅವರಲ್ಲಿ ಓದುವವರು ಎಷ್ಟು ಜನ?

"ಅವನ ಫೋನು ಆಫ್ ಮಾಡ್ಬುಡನ ಅವ್ವ," ಎಂದಳು.

"ಬ್ಯಾಡ," ಎಂದಳು ಬೆಟ್ಟಮ್ಮ. "ಆಫ್ ಮಾಡುದ್ರೆ ಗಾಡಿಲವ್ನೆ ಅಂದ್ಕಂಡು ಕಾಯ್ತಾರೆ. ಇರ್ಲಿ ಬುಡು. ಆ ಕೃಷ್ಣನ ನಂಬರ್ನ ನಂಗೆ ಬಾಯ್ಪಾಠ ಮಾಡ್ಸು."

ಭಾನುವಾರ ಇಡೀ ದಿನ ಬೆಟ್ಟಮ್ಮ ಆ ನಂಬರನ್ನು ಗುನುಗಿಕೊಂಡು ಓಡಾಡಿದಳು. ಮಧ್ಯದಲ್ಲಿ ತಪ್ಪಿದರೆ ಮೊದಲಿಂದ ಶುರು ಮಾಡುತ್ತಿದ್ದಳು.

ಸೋಮವಾರ ಬೆಳಕು ಹರಿಯುವ ಮೊದಲು ಉಮ ಒಲೆಯ ಮುಂದೆ ಕೂತಿದ್ದಳು. ಬಚ್ಚಲು ಖಾಲಿ ಇತ್ತು. ದೀಪದ ಪಕ್ಕದಲ್ಲಿ ಫೋನು ಹೊಡೆದುಕೊಂಡಿತು. ಬೆಟ್ಟಮ್ಮ ಸೆರಗಿಗೆ ಕೈ ಒರೆಸಿಕೊಂಡು ಎತ್ತಿದಳು. ಆ ಕಡೆಯವರು ಕೇಳಿದ್ದು ಉಮಳಿಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

"ಇಲ್ಲ ಕಣಪ್ಪ, ಹೊಂಟಿಲ್ಲ," ಎಂದಳು ಬೆಟ್ಟಮ್ಮ. "ಇನ್ಮೇಕೆ ಅವ್ನು ಬರಾಕಿಲ್ಲ. ನನ್ ಮಗ ತೀರೋಗವ್ನೆ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆ ಕಡೆ ಯಾರೋ ಅಳುತ್ತಿದ್ದರೋ ಏನೋ. "ಉಂ ಕಣಪ್ಪ. ನೀನು ರೋಡ್ನಲ್ಲಿ ಕಾಯ್ಬೇಡ. ಕೃಷ್ಣ ಅಂತ ಬತ್ತಾನೆ, ಅವ್ನ ನಂಬರ್ ಏಳ್ತೀನಿ, ಮೊಮ್ಮಗಳ ಕೈಲಿ ಬರ್ಸ್ಕೊ."

ಒಂದೊಂದೇ ಅಂಕಿ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಒಂದೂ ತಪ್ಪಲಿಲ್ಲ. ಫೋನು ಕೆಳಗಿಡುವ ಮೊದಲೇ ಅದು ಮತ್ತೆ ಹೊಡೆದುಕೊಂಡಿತು. ಈ ಸಲ ನಾನು ಎತ್ತುತ್ತೇನೆ ಅಂತ ಉಮ ಎದ್ದು ಕೈ ಚಾಚಿದಳು. ಬೆಟ್ಟಮ್ಮ ಕೊಡಲಿಲ್ಲ. ಮಗನ ಫೋಟೋದ ಕಡೆ ಬೆನ್ನು ಮಾಡಿ ನಿಂತುಕೊಂಡು, ಎತ್ತಿ, ಮತ್ತೆ ಮೊದಲಿಂದ ಹೇಳತೊಡಗಿದಳು.